ಮುಚ್ಚುವ ಗುಂಡಿಯ ಕ್ಯಾಪ್ಟನ್

ಐದು ಮಹಡಿಯ ಆ ಕಟ್ಟಡದಲ್ಲಿ ಇದ್ದದ್ದು ಒಂದೇ ಲಿಫ್ಟು, ಅದನ್ನು ನಡೆಸುವವರೂ ಒಬ್ಬರೇ. ಎಲ್ಲರೂ ಅವರನ್ನು ಕ್ಯಾಪ್ಟನ್ ಎಂದು ಕರೆಯುತ್ತಿದ್ದರು. ಹಡಗಿನ ಕ್ಯಾಪ್ಟನ್ನಿಗೆ ಸಮುದ್ರವಿದೆ, ವಿಮಾನದ ಕ್ಯಾಪ್ಟನ್ನಿಗೆ ಆಕಾಶವಿದೆ. ನಮ್ಮ ಕ್ಯಾಪ್ಟನ್ನಿಗೆ ಇದ್ದದ್ದು ನಾಲ್ಕಡಿ ಅಗಲದ ಉಕ್ಕಿನ ಪೆಟ್ಟಿಗೆ, ಒಂದು ಮರದ ಸ್ಟೂಲು, ಮನಸ್ಸು ಬಂದರೆ ತಿರುಗುವ ಒಂದು ಫ್ಯಾನು. ಗತ್ತಿಗೆ ಮಾತ್ರ ಏನೂ ಕಡಿಮೆ ಇರಲಿಲ್ಲ. ಇಪ್ಪತ್ತೇಳು ವರ್ಷಗಳ ಸರ್ವೀಸಿನಲ್ಲಿ ಇಸ್ತ್ರಿ ಇಲ್ಲದ ಅಂಗಿ ತೊಟ್ಟು ಅವರು ನೆಲಮಹಡಿ ಬಿಟ್ಟು ಮೇಲೇರಿದವರಲ್ಲ.

ಅವರ ವಿದ್ಯೆಯೆಲ್ಲ ಬಾಗಿಲು ಮುಚ್ಚುವ ಗುಂಡಿಯಲ್ಲಿತ್ತು. ಜನ ಒಳಗೆ ಬಂದ ಮೇಲೆ ಮೊದಲು ಟೋಪಿ ಸರಿಮಾಡಿಕೊಳ್ಳುವರು. ಬಲಕ್ಕೊಮ್ಮೆ, ಎಡಕ್ಕೊಮ್ಮೆ ನೋಡುವರು. "ಎರಡು, ನಾಲ್ಕು, ಐದು. ಸ್ವಲ್ಪ ಒಳಗಡೆ ಸರ್ಕೊಳ್ಳಿ" ಎಂದು ಸಾರುವರು. ಕೊನೆಗೆ ಹೆಬ್ಬೆರಳನ್ನು ನಿಧಾನವಾಗಿ ಎತ್ತಿ, ರಾಜಮುದ್ರೆ ಒತ್ತುವವರ ಹಾಗೆ ಗುಂಡಿಯ ಮೇಲಿಡುವರು. ಬಾಗಿಲು ಸರಕ್ಕನೆ ಮುಚ್ಚಿಕೊಳ್ಳುವುದು. ಎರಡನೇ ಮಹಡಿಯ ವಕೀಲರು ಒಮ್ಮೆ, ಕ್ಯಾಪ್ಟನ್ ರಜೆಯಲ್ಲಿದ್ದಾಗ, ಅದೇ ಗುಂಡಿಯನ್ನು ತಾವೇ ಗುದ್ದಿ ನೋಡಿದ್ದರಂತೆ. ಅವರು ಗುದ್ದುವಷ್ಟು ಹೊತ್ತೂ ಬಾಗಿಲು ಜಪ್ಪಯ್ಯ ಎಂದರೂ ಅಲ್ಲಾಡಿರಲಿಲ್ಲ. "ಅದು ನಿಮ್ಮ ಮಾತು ಬಿಟ್ಟು ಬೇರೆಯವರ ಮಾತು ಕೇಳಲ್ಲಪ್ಪ" ಎಂದು ವಕೀಲರು ಸೋಲೊಪ್ಪಿಕೊಂಡ ದಿನ, ಕ್ಯಾಪ್ಟನ್ ಎರಡಿಂಚು ಬೆಳೆದು ಮನೆಗೆ ಹೋಗಿದ್ದರು.

ಅವರ ಲೆಕ್ಕದಲ್ಲಿ ಆ ಗುಂಡಿ ಒಂದೇ ಒಂದು ಸಲ ಅವರ ಮಾತು ಮೀರಿತ್ತು. ಆ ಒಂದು ಸಲದ ಮೇಲೆಯೇ ಅವರ ಸಂಸಾರ ನಿಂತಿತ್ತು.

ಆಗ ಕೆಲಸಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ. ಐದನೇ ಮಹಡಿಯಿಂದ ಕಟ್ಟಡದ ಮಾಲೀಕರು ಗಂಟೆಯ ಮೇಲೆ ಗಂಟೆ ಬಾರಿಸುತ್ತಿದ್ದರು. ಅಷ್ಟರಲ್ಲಿ ಗೇಟಿನ ಕಡೆಯಿಂದ ಒಬ್ಬ ಹುಡುಗಿ, ಊದಿದ ಕೆನ್ನೆಗೆ ಕರ್ಚೀಫು ಒತ್ತಿಕೊಂಡು, "ಇರಿ, ಇರಿ" ಎನ್ನುತ್ತ ಓಡಿ ಬಂದಳು. ನಾಲ್ಕನೇ ಮಹಡಿಯಲ್ಲಿ ಹಲ್ಲಿನ ಡಾಕ್ಟರಿದ್ದರು. ಬಾಗಿಲು ತೆರೆದೇ ಇತ್ತು. ಹತ್ತಿದಳು, "ಥ್ಯಾಂಕ್ಸ್" ಎಂದಳು. ಆ ಹಲ್ಲಿಗಾಗಿ ಐದು ಸಲ ಬರಬೇಕಾಯಿತು. ಐದನೇ ಸಲ ಇಳಿದು ಹೋಗುವ ಹೊತ್ತಿಗೆ ಮದುವೆ ನಿಶ್ಚಯವಾಗಿತ್ತು.

ಇಪ್ಪತ್ತಾರು ವರ್ಷಗಳಿಂದ ಆಕೆ ಆ ಕತೆಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತ ಬಂದಿದ್ದಳು. "ಮೇಲಿಂದ ಮಾಲೀಕರು ಗಂಟೆ ಹೊಡೀತಾನೇ ಇದ್ರು. ಇವ್ರು ಕ್ಯಾರೇ ಅನ್ಲಿಲ್ಲ. ಯಾರೋ ಏನೋ, ಮುಖ ಪರಿಚಯಾನೂ ಇಲ್ಲ, ನನಗೋಸ್ಕರ ಬಾಗಿಲು ಹಿಡ್ಕೊಂಡು ನಿಂತಿದ್ರು. ಆ ಒಳ್ಳೇತನ ನೋಡೇ ನಾನು ಒಪ್ಪಿದ್ದು."

ಕತೆ ಈ ಘಟ್ಟಕ್ಕೆ ಬಂದಾಗಲೆಲ್ಲ ಕ್ಯಾಪ್ಟನ್ನರ ಮುಖ ಹುಳ್ಳಗಾಗುತ್ತಿತ್ತು. ನೆಂಟರು ಅದನ್ನು ಸಂಕೋಚ ಎಂದುಕೊಳ್ಳುತ್ತಿದ್ದರು. ನಿಜ ಏನೆಂದರೆ, ಅಂದು ಅವರು ಬಾಗಿಲು ಹಿಡಿದಿರಲೇ ಇಲ್ಲ. ಓಡಿ ಬರುತ್ತಿದ್ದವಳನ್ನು ಕಣ್ಣಾರೆ ಕಂಡೂ, ಟೋಪಿ ಗೀಪಿ ಮುಟ್ಟದೆ, ಮುಚ್ಚುವ ಗುಂಡಿಯನ್ನು ಮೂರು ಸಲ ಗುದ್ದಿದ್ದರು. ಯಾಕೋ ಬಾಗಿಲು ಮುಚ್ಚಲಿಲ್ಲ, ಅಷ್ಟೆ. ಇದನ್ನು ಮೊದಲ ವರ್ಷ ಹೇಳಲು ನಾಚಿಕೆಯಾಯಿತು, ಎರಡನೇ ವರ್ಷ ಭಯವಾಯಿತು. ಆಮೇಲೆ ಸುಳ್ಳಿಗೇ ಮಗುವಿನಷ್ಟು ವಯಸ್ಸಾಗಿತ್ತು, ಮನೆಯಿಂದ ಹೊರಹಾಕುವುದು ಹೇಗೆ?

ಹೆಂಡತಿ ಬುಕ್ ಬೈಂಡಿಂಗ್ ಅಂಗಡಿಯಲ್ಲಿ ಕಾಗದ ಕತ್ತರಿಸುತ್ತಿದ್ದಳು. ಆಕೆಯ ಕೈಯಿಂದ ಒಂದು ಹಾಳೆ ಕೂದಲೆಳೆಯಷ್ಟು ಸೊಟ್ಟ ಹೋದ ಉದಾಹರಣೆ ಇಲ್ಲ. ಬೆಳಿಗ್ಗೆ ಕ್ಯಾಪ್ಟನ್ ಕನ್ನಡಕ ತೆಗೆದಿಟ್ಟು ಮುಖಕ್ಷೌರ ಮಾಡಿಕೊಳ್ಳುವಾಗ ಆಕೆ ಪೇಪರಿನ 'ನಿಮಗಿದು ಗೊತ್ತೇ?' ಎಂಬ ಮೂಲೆಯನ್ನು ಗಟ್ಟಿಯಾಗಿ ಓದುವಳು. ಜೀನ್ಸ್ ಪ್ಯಾಂಟಿನ ಜೇಬಿನೊಳಗಿನ ಪುಟ್ಟ ಜೇಬು ಹಿಂದೆ ಸರಪಳಿ ಗಡಿಯಾರ ಇಡಲೆಂದು ಹೊಲಿದದ್ದು ಎಂದು ಅವರಿಬ್ಬರೂ ತಿಳಿದದ್ದು ಹೀಗೆ. ಕ್ಯಾಲ್ಕುಲೇಟರಿನಲ್ಲಿ ಏಳು, ಎಂಟು, ಒಂಬತ್ತು ಮೇಲಿದ್ದರೆ ಫೋನಿನಲ್ಲಿ ಅವು ಕೆಳಗಿರುತ್ತವೆ ಎಂಬುದೂ ಹೀಗೆಯೇ ತಿಳಿದದ್ದು.

ಆದರೆ ಕ್ಯಾಪ್ಟನ್ ಪೇಪರಿನವರು ಹೇಳಿದರೆಂದು ನಂಬುವ ಜಾತಿಯಲ್ಲ. ಪ್ರತಿಯೊಂದನ್ನೂ ಪರೀಕ್ಷೆ ಮಾಡಿಯೇ ತೀರಬೇಕು. ಪೆನ್ನಿನ ಮುಚ್ಚಳವನ್ನು ಯಾರಾದರೂ ನುಂಗಿಬಿಟ್ಟರೂ ಉಸಿರಾಡಲಿ ಎಂದು ಅದರ ತುದಿಯಲ್ಲಿ ತೂತು ಬಿಟ್ಟಿರುತ್ತಾರೆ ಎಂದು ಓದಿದ ದಿನ, ಐದೂ ಮಹಡಿಯ ಪೆನ್ನು ಬೇಡಿ ತಂದು ಒಂದೊಂದನ್ನೂ ಊದಿ ನೋಡಿದ್ದರು. ವಕೀಲರ ದುಬಾರಿ ಪೆನ್ನಿಗೆ ತೂತೇ ಇರಲಿಲ್ಲ. "ಸರ್, ಇದನ್ನ ಮಾತ್ರ ದಯವಿಟ್ಟು ನುಂಗ್ಬೇಡಿ" ಎಂದು ಕೈಮುಗಿದು ಹಿಂದಿರುಗಿಸಿದ್ದರು.

ಒಂದು ಬೆಳಿಗ್ಗೆ ಕ್ಷೌರ ಮುಗಿದು ಮುಖ ಒರೆಸಿಕೊಂಡರೂ ಓದು ಕೇಳಿಸಲಿಲ್ಲ.

"ಎಲ್ಲಿ, ಇವತ್ತಿಂದು?"

"ಇವತ್ತು ಹಾಕಿಲ್ಲ ರೀ."

ಕ್ಯಾಪ್ಟನ್ ಕನ್ನಡಕ ಹಾಕಿಕೊಂಡು ಪೇಪರು ಎತ್ತಿದರು. ಆ ಮೂಲೆಯಲ್ಲಿ ಅಂಗೈಯಗಲದ ಕಿಂಡಿ. ಅದರೊಳಗಿಂದ ಹೆಂಡತಿಯ ಮೂಗು ಕಾಣುತ್ತಿತ್ತು.

"ಏನೇ ಇದು?"

"ಇಲಿ ಕಡಿದಿರ್ಬೇಕು."

"ಇಲಿ! ನಾಲ್ಕೂ ಮೂಲೆ ತೊಂಬತ್ತು ಡಿಗ್ರಿಗೆ ಕಡಿದಿದೆ. ಸ್ಕೇಲ್ ಇಟ್ಕೊಂಡು ಬಂದಿತ್ತಾ?"

"ಬಂದಿರುತ್ತೆ. ನಿಮ್ಮ ಮನೆ ಇಲಿ ಅಲ್ವಾ, ಎಲ್ಲಾ ಅಳೆದು ನೋಡುತ್ತೆ. ಹೊತ್ತಾಯ್ತು, ಹೊರಡಿ."

ಪಾಪ, ಒರಟಾಗಿ ಹರಿದಿದ್ದರೆ ಇಲಿಯ ಮಾತು ನಡೆದುಬಿಡುತ್ತಿತ್ತೇನೋ. ಆದರೆ ಸೊಟ್ಟ ಹರಿಯಲು ಆಕೆಯ ಕೈ ಒಪ್ಪಬೇಕಲ್ಲ!

ಕಟ್ಟಡಕ್ಕೆ ಕಾಲಿಟ್ಟವರೇ ಕ್ಯಾಪ್ಟನ್ ಸೆಕ್ಯುರಿಟಿಯವನ ಮೇಜಿನ ಮೇಲಿದ್ದ ಅದೇ ಪೇಪರು ಬಿಡಿಸಿದರು. "ಹಲವು ಲಿಫ್ಟುಗಳಲ್ಲಿ ಬಾಗಿಲು ಮುಚ್ಚುವ ಗುಂಡಿ ಕೆಲಸವನ್ನೇ ಮಾಡುವುದಿಲ್ಲ. ಬಾಗಿಲು ತನ್ನ ಹೊತ್ತಿಗೆ ತಾನೇ ಮುಚ್ಚಿಕೊಳ್ಳುತ್ತದೆ. ಒತ್ತಿದವರಿಗೆ ತಾವೇ ಮುಚ್ಚಿದಂತೆ ಅನಿಸುತ್ತದೆ."

ಮೂರು ಸಲ ಓದಿದರು. ಹೆಂಡತಿ ಕತ್ತರಿ ಹಿಡಿದದ್ದು ತಮ್ಮ ಮಾನ ಉಳಿಸಲು ಎಂದು ಅರ್ಥವಾಯಿತು. ಅದರ ಹಿಂದೆಯೇ ಇನ್ನೊಂದು ಅರ್ಥವಾಯಿತು. ಅಂದು ಆ ಬಾಗಿಲು ಯಾಕೆ ಮುಚ್ಚಲಿಲ್ಲ ಎಂಬುದು.

ಪರೀಕ್ಷೆಯಿಲ್ಲದೆ ಅವರು ಯಾವುದನ್ನು ತಾನೇ ಒಪ್ಪಿದ್ದರು? ಖಾಲಿ ಲಿಫ್ಟಿನಲ್ಲಿ, ಕೈಗಡಿಯಾರದ ಸೆಕೆಂಡ್ ಮುಳ್ಳನ್ನು ನೋಡುತ್ತ, ಟೋಪಿ ಮುಟ್ಟದೆ, ಸಾರುವುದು ಗೀರುವುದಿಲ್ಲದೆ, ಬಾಗಿಲು ತೆರೆದ ಕೂಡಲೇ ಗುಂಡಿ ಒತ್ತಿದರು. ಏಳು ಸೆಕೆಂಡು. ಇನ್ನೊಮ್ಮೆ, ಕೈಕಟ್ಟಿ ನಿಂತರು. ಏಳು ಸೆಕೆಂಡು. ಹತ್ತು ಸಲ ನೋಡಿದರು. ಬೇಡಿಕೊಂಡರೂ ಆರಾಗಲಿಲ್ಲ, ಬೈದರೂ ಎಂಟಾಗಲಿಲ್ಲ. ಅವರ ಟೋಪಿ, ಬಲ, ಎಡ, ಸಾರುವಿಕೆ, ಹೆಬ್ಬೆರಳಿನ ಮೆರವಣಿಗೆ ಎಲ್ಲ ಸೇರಿ ಸರಿಯಾಗಿ ಏಳು ಸೆಕೆಂಡು ಹಿಡಿಯುತ್ತಿದ್ದವು. ಇಷ್ಟು ವರ್ಷ ಬಾಗಿಲು ಅವರ ಮಾತು ಕೇಳಿರಲಿಲ್ಲ. ಅವರೇ, ತಮಗೆ ಅರಿವಿಲ್ಲದೆ, ಬಾಗಿಲಿನ ತಾಳಕ್ಕೆ ಕುಣಿದಿದ್ದರು.

ಅಂದು ತಿಂಗಳಿಗೊಮ್ಮೆ ಎಣ್ಣೆ ಹಾಕಲು ಬರುವ ಮೆಕ್ಯಾನಿಕ್ ಹುಡುಗಿಯ ಸರದಿ. ಕ್ಯಾಪ್ಟನ್ ಆಕೆಯ ಕೈಯಲ್ಲಿ ಫಲಕ ಬಿಚ್ಚಿಸಿದರು. ಗುಂಡಿಯ ಹಿಂದೆ ಒಂದು ಜೇಡರಬಲೆ ಬಿಟ್ಟರೆ ಏನೂ ಇರಲಿಲ್ಲ.

"ಓ, ಇದಾ? ನೀವು ಸೇರೋಕೆ ಮುಂಚೇನೇ ತೆಗ್ದಿದಾರೆ ಕ್ಯಾಪ್ಟನ್. ಯಾರದೋ ಬ್ಯಾಗ್ ಸಿಕ್ಕಾಕೊಂಡಿತ್ತಂತೆ, ರಿಜಿಸ್ಟರಲ್ಲಿದೆ. ಬೇಕಾ ವೈರು? ಎರಡು ನಿಮಿಷದ ಕೆಲಸ."

ಎರಡು ನಿಮಿಷದಲ್ಲಿ ಕಳೆದುಹೋದ ಸಾಮ್ರಾಜ್ಯ ವಾಪಸ್ಸು! ಕ್ಯಾಪ್ಟನ್ ತಲೆಯಾಡಿಸಲಿದ್ದರು. ಆದರೆ ಈ ಹೆಬ್ಬೆರಳಿನ ಪುರಾಣ ಅವರಿಗಲ್ಲದೆ ಯಾರಿಗೆ ಗೊತ್ತು? ವಕೀಲರ ಮೇಲಿನ ಸಿಟ್ಟಿಗೆ ಎಷ್ಟು ಸಲ ಬೇಕೆಂದೇ ಬೇಗ ಒತ್ತಿರಲಿಲ್ಲ? ಕೋಲೂರಿಕೊಂಡು ಬರುತ್ತಿದ್ದ ಅಜ್ಜಿಯನ್ನು ಗಮನಿಸದೆ ಒತ್ತಿದ್ದು? ಹೆಬ್ಬೆರಳು ಜಾರಿತೆಂದು ಇವರು ಅಂದುಕೊಳ್ಳುವಷ್ಟರಲ್ಲಿ ಎಲ್ಲರೂ ಕ್ಷೇಮವಾಗಿ ಒಳಗೆ ಬಂದಿದ್ದರು. ಎಲ್ಲರಿಗಿಂತ ಮೊದಲು, ಕೆನ್ನೆ ಊದಿದ ಒಬ್ಬ ಹುಡುಗಿಯೂ.

"ಬೇಡಮ್ಮ, ಹಾಗೇ ಇರ್ಲಿ. ನನ್ನ ಕೈಗಿಂತ ಅದರ ಬುದ್ಧಿ ನೆಟ್ಟಗಿದೆ."

ಸಂಜೆ ಮನೆಗೆ ಬಂದಾಗ ಹೆಂಡತಿ ಟೀ ಸೋಸುತ್ತ, ಅವರ ಮುಖವನ್ನು ಕಳ್ಳನೋಟದಿಂದ ಅಳೆಯುತ್ತಿದ್ದಳು. ಗುಂಡಿ ಸತ್ತದ್ದನ್ನು ಹೇಳುವುದು ಸುಲಭವಿತ್ತು. ಹೇಳಿದರೆ ಆಕೆ ಸಮಾಧಾನ ಮಾಡುತ್ತಾಳೆ, ಅಲ್ಲಿಗೆ ಮುಗಿಯುತ್ತದೆ. ಆದರೆ ತಮಗೆ ನೋವಾಗದಿರಲೆಂದು ಪೇಪರಿಗೆ ಕಿಂಡಿ ಕೊರೆದವಳ ಎದುರು, ಇನ್ನೊಂದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಟೀ ಕುಡಿಯುವುದು ಕ್ಯಾಪ್ಟನ್ನರಿಂದ ಆಗಲಿಲ್ಲ.

"ಇಲಿ ಕಡಿದಿದ್ದನ್ನ ಓದ್ದೆ" ಎಂದರು. "ನಿಜ. ನಮ್ಮದಕ್ಕೂ ವೈರಿಲ್ಲ. ನಾನು ಸೇರೋಕೆ ಮುಂಚೇನೇ ಕಿತ್ತಿದಾರಂತೆ."

"ಅಯ್ಯೋ, ಅದಕ್ಯಾಕೆ ಮುಖ ಸಣ್ಣ ಮಾಡ್ಕೋತೀರಿ? ವೈರಿಲ್ದೇ ಇಷ್ಟು ವರ್ಷ ನಡೆಸಿದೀರಲ್ಲ, ಅದು ಇನ್ನೂ ದೊಡ್ಡದು..."

"ಇನ್ನೊಂದಿದೆ. ನೀನು ಮೊದಲ್ನೇ ದಿನ ಓಡಿ ಬಂದ್ಯಲ್ಲ, ನಾನು ಬಾಗಿಲು ಹಿಡ್ದಿರ್ಲಿಲ್ಲ. ನಿನ್ನ ನೋಡಿದ್ದೆ. ನೋಡೇ ಮುಚ್ಚೋ ಬಟನ್ ಒತ್ತಿದ್ದು. ಅದು ಕೆಲಸ ಮಾಡ್ಲಿಲ್ಲ, ಅದಕ್ಕೇ ನೀನು ಒಳಗೆ ಬಂದೆ."

ಹೆಂಡತಿ ಲೋಟ ಕೆಳಗಿಟ್ಟಳು. ಗೋಡೆ ಗಡಿಯಾರದಲ್ಲಿ ಏಳು ಸೆಕೆಂಡಿಗಿಂತ ಬಹಳ ಹೆಚ್ಚು ಹೊತ್ತು ಕಳೆಯಿತು. ಬಾಗಿಲುಗಳ ವಿಷಯದಲ್ಲಿ ಇಪ್ಪತ್ತೇಳು ವರ್ಷದ ಅನುಭವವಿದ್ದ ಕ್ಯಾಪ್ಟನ್ನರಿಗೂ, ಇದು ತೆರೆಯುತ್ತದೋ ಮುಚ್ಚುತ್ತದೋ ತಿಳಿಯಲಿಲ್ಲ.

"ಎಷ್ಟು ಸಲ ಒತ್ತಿದ್ರಿ?"

"ಮೂರು."

"ಮೂರು! ಊದಿದ ಕೆನ್ನೆ ಕಾಣಿಸ್ಲಿಲ್ವಾ?"

"ಕಾಣಿಸ್ತು."

"ಹಾಗಾದ್ರೆ ನಾನು ಇಷ್ಟು ವರ್ಷ ಟೀ ಮಾಡಿಕೊಟ್ಟಿದ್ದು ಆ ವೈರು ಕಿತ್ತವನಿಗಾ?"

ಕ್ಯಾಪ್ಟನ್ ತಲೆ ತಗ್ಗಿಸಿದರು. ಆಕೆ ಎದ್ದು ಅಡುಗೆಮನೆಗೆ ಹೋದಳು. ಪಾತ್ರೆಗಳು ಎರಡು ಸುತ್ತು ಸದ್ದು ಮಾಡಿದವು. ಆಮೇಲೆ ಬಾಗಿಲಲ್ಲಿ ಬಂದು ನಿಂತಳು.

"ನಾನು ಒಳಗೆ ಬಂದ್ಮೇಲೆ ಏನು ಮಾಡಿದ್ರಿ, ನೆನಪಿದೆಯಾ?"

"ಏನ್ ಮಾಡ್ದೆ?"

"ಯಾವ ಹಲ್ಲು ಅಂತ ಕೇಳಿದ್ರಿ. ಆಮೇಲೆ ಬಾಯಿ ಆ ಅಂತ ತೆಗೆದು, ನಿಮ್ಮ ಕಿತ್ತು ಹೋಗಿದ್ದ ಹಲ್ಲಿನ ಜಾಗ ತೋರಿಸಿ, 'ನೋಡಿ, ಸತ್ತಿಲ್ಲ ನಾನು' ಅಂದ್ರಿ. ಆ ನೋವಲ್ಲೂ ನಗು ಬಂತು ನಂಗೆ. ನಾಲ್ಕನೇ ಮಹಡೀಲಿ ನೀವೂ ಇಳಿದು ಬಂದು, 'ಇವರದ್ದು ತುಂಬಾ ಊದಿದೆ, ಮೊದಲು ಬಿಡಿ' ಅಂತ ನರ್ಸ್ ಹತ್ರ ಜಗಳ ಆಡಿದ್ರಿ. ಮೇಲಿಂದ ಗಂಟೆ ಹೊಡ್ಕೋತಾನೇ ಇತ್ತು. ಅದಕ್ಕೂ ಒಂದು ಬಟನ್ ಇತ್ತಾ?"

ಕ್ಯಾಪ್ಟನ್ನರಿಗೆ ಅದು ನಿಜಕ್ಕೂ ನೆನಪಿರಲಿಲ್ಲ. ತಾವು ಮಾಡಿದ ತಪ್ಪನ್ನು ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವರು, ಅದರ ಪಕ್ಕದಲ್ಲೇ ಇದ್ದ ಇದನ್ನು ಎಲ್ಲಿ ಬೀಳಿಸಿಕೊಂಡಿದ್ದರೋ.

"ಮಾಲೀಕರು ಆವತ್ತು ಚೆನ್ನಾಗಿ ಬೈದ್ರು. ಅದೊಂದು ನೆನಪಿದೆ" ಎಂದರು ಮೆಲ್ಲಗೆ.

"ಬೈಲಿ ಬಿಡಿ. ನಾನೂ ಬೈಯೋದು ಬಾಕಿ ಇದೆ" ಎಂದು ಆಕೆ ಅವರ ತಲೆಯ ಮೇಲಿಂದ ಟೋಪಿ ತೆಗೆದು, ಒತ್ತಿ ಅಚ್ಚು ಬಿದ್ದಿದ್ದ ಹಣೆಯನ್ನು ಸೆರಗಿನಿಂದ ಒರೆಸಿದಳು. ಆಮೇಲೆ ತಂಗಿಗೆ ಫೋನು ಹಚ್ಚಿದಳು.

"ಕೇಳಿಲ್ಲಿ, ನಮ್ಮ ಲಿಫ್ಟಿನ ಕತೇಲಿ ಒಂದು ತಿದ್ದುಪಡಿ ಇದೆ. ನಿಮ್ಮ ಭಾವ ಆವತ್ತು ಬಾಗಿಲು ಹಿಡ್ದಿರ್ಲಿಲ್ವಂತೆ ಕಣೇ! ನನ್ನ ಮುಖದ ಮೇಲೆ ಮುಚ್ಚೋಕೆ ಹದಿನೈದು ಸಲ ಬಟನ್ ಗುದ್ದಿದ್ರಂತೆ!"

"ಮೂರು ಸಲ" ಎಂದರು ಕ್ಯಾಪ್ಟನ್.

"ಸುಮ್ನಿರಿ, ಕತೆ ಹೇಳ್ತಿರೋದು ನಾನು. ಹದಿನೈದು ಸಲ ಕಣೇ. ಆದ್ರೆ ನಾನು ಒಳಗೆ ಬಂದ್ಮೇಲೆ ಇವ್ರು ಏನು ಕೇಳಿದ್ರು ಗೊತ್ತಾ..."