ಸ್ವೆಟರ್ ಜೇಬಿನಲ್ಲಿದ್ದ ಹಾಳೆ

ಹೆಂಗಸರನ್ನೆಲ್ಲ ಸಾಲಾಗಿ ಕೂರಿಸಿ ಸಹಿ ಹಾಕಿಸಿದ್ದು ಓನರ್. ಹಾಕಿಸಿದ್ದು ಈ ಕ್ವಾಲಿಟಿಯವರೇ ಎಂದು ಆಡಿಟರ್ ಮುಂದೆ ಬೆರಳು ತೋರಿಸಿದ್ದು ನಾನು. ನಡೆದದ್ದು ಇಷ್ಟೇ. ಅವರ ಗ್ರಹಚಾರ, ಕಂಪನಿಯ ಕಷ್ಟಕಾಲ ಎಂದೆಲ್ಲ ಆಮೇಲೆ ಜನ ಹೇಳಿಕೊಂಡು ತಿರುಗಿದರು. ಗ್ರಹಚಾರವೂ ಅಲ್ಲ, ಏನೂ ಅಲ್ಲ. ನಾನು.

ಹೋದ ವಾರ ಹಳೆಯ ಸ್ಟೀಲ್ ಡಬ್ಬಿಯೊಂದನ್ನು ತೊಳೆಯಲು ತೆಗೆದೆ. ಮೆಲ್ಬರ್ನ್ ಬಿಟ್ಟು ಮಗಳ ಜೊತೆ ಸಿಡ್ನಿಗೆ, ಈ ಕ್ವೇಕರ್ಸ್ ಹಿಲ್ ಮನೆಗೆ ಬರುವಾಗ ಹಾಗೇ ತುಂಬಿಕೊಂಡು ಬಂದಿದ್ದ ಡಬ್ಬಿ. ತಳಕ್ಕೆ ಹಾಸಿದ್ದ ಪೇಪರಿನ ಕೆಳಗೆ ನಾಲ್ಕು ಮಡಿಕೆಯ ಒಂದು ಹಾಳೆ ಸಿಕ್ಕಿತು. ಬಿಡಿಸಿದರೆ ಹುರಿದ ಕಡಲೆಕಾಯಿ, ಬೆಳ್ಳುಳ್ಳಿ, ಕಮಟು ಎಣ್ಣೆಯ ವಾಸನೆ. ಮೊಮ್ಮಗಳು ಹೆಗಲ ಮೇಲಿಂದ ಇಣುಕಿ, “ಅಜ್ಜಿ, ಈಸ್ ದಟ್ ಎ ರೆಸಿಪಿ?” ಎಂದಳು.

“ಅಲ್ಲ ಕಣೆ. ಮಿಷನ್ ತೊಳೆಯೋದು ಹೆಂಗೆ ಅಂತ ಬರೆದಿದಾರೆ.”

“ಬೋರಿಂಗ್,” ಎಂದು ಹೋದಳು. ನಾನು ಡಬ್ಬಿ ತೊಳೆಯದೆ ಅಲ್ಲೇ ಕೂತೆ...

ಆಗ ನಾವು ಮೆಲ್ಬರ್ನಿನ ಟ್ರುಗನಿನಾದಲ್ಲಿದ್ದೆವು. ಮೊಮ್ಮಗಳು ಶಾಲೆಗೆ ಸೇರಿದ ಮೇಲೆ ಮನೆಯಲ್ಲಿ ಗೋಡೆ ನೋಡಿಕೊಂಡು ಕೂರಲಾಗದೆ, ಹತ್ತಿರದ ಗೋಡೌನ್ ಸಾಲಿನಲ್ಲಿದ್ದ ಒಂದು ಚಟ್ನಿಪುಡಿ ಫ್ಯಾಕ್ಟರಿಗೆ ಸೇರಿದ್ದೆ. ಆರೇಳು ಹೆಂಗಸರು, ಎಲ್ಲರೂ ನಮ್ಮ ಕಡೆಯವರೇ. ಬೆಂಗಳೂರಿನ ಓನರ್. ಮತ್ತೆ ಇವರು, ಉಡುಪಿ ಕಡೆಯ ಕ್ವಾಲಿಟಿಯವರು, ಸರಕು, ಶುಚಿ, ಕಾಗದಪತ್ರ ಎಲ್ಲ ಸರಿಯಿದೆಯಾ ಎಂದು ನೋಡುವವರು. ನಲವತ್ತರ ಆಸುಪಾಸು, ಸಣಕಲು ಮೈ, ಕಂಕುಳಲ್ಲಿ ಸದಾ ಒಂದು ಫೈಲ್. ಹೆಂಗಸರು ಅವರಿಗೆ ಇಟ್ಟ ಹೆಸರು ಫೈಲ್ ಅಂಕಲ್. ಅವರ ವೀಸಾ ಓನರ್ ಸ್ಪಾನ್ಸರ್ ಮಾಡಿದ್ದು. ಇಲ್ಲೇ ಖಾಯಂ ನೆಲೆಸಲು ಪಿಆರ್‌ಗೆ ಅರ್ಜಿ ಹಾಕಲು ಇನ್ನು ಮೂರು ತಿಂಗಳು, ಮಗಳು ಹನ್ನೆರಡನೇ ಕ್ಲಾಸು ಎಂದು ಟೀ ಹೊತ್ತಿನಲ್ಲಿ ಒಮ್ಮೆ ಅವರೇ ಹೇಳಿದ್ದರು. ಕೆಲಸ ಹೋದರೆ ಎಲ್ಲವೂ ಹೋಗುತ್ತದೆ ಎಂದು ನಮಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಯಾವತ್ತೂ ಹೇಳುವುದಿಲ್ಲ.

ಅವರನ್ನು ಕಾಡುವುದೇ ನಮಗೆ ಹೊತ್ತು ಕಳೆಯುವ ದಾರಿಯಾಗಿತ್ತು. “ಏನ್ ಫೈಲ್ ಅಂಕಲ್, ಬಾತ್‌ರೂಮಿಗೆ ಹೋಗೋಕೂ ಫಾರಂ ಇದ್ಯಾ?” ಎಂದು ಮಂಡ್ಯದವಳೊಬ್ಬಳು ಕೇಳುತ್ತಿದ್ದಳು.

“ಹೋಗ್ಲಿಕ್ಕೆ ಇಲ್ಲ ಮಾರಾಯ್ರೆ. ಬಂದು ಕೈ ತೊಳೆದದ್ದಕ್ಕೆ ಉಂಟು.”

ಹೊರಗಿನ ಆಡಿಟರ್ ಬರುವ ದಿನ ಹತ್ತಿರವಾದಂತೆ ಅವರ ಊಟ, ಟೀ ಎರಡೂ ತಪ್ಪಿದವು. ನಮ್ಮನ್ನು ನಿಲ್ಲಿಸಿಕೊಂಡು ಹೇಳುತ್ತಿದ್ದರು: “ಅವರು ಬಂದು ಚಟ್ನಿಪುಡಿಯ ರುಚಿ ನೋಡುವುದಲ್ಲ. ನಾವು ಬರೆದದ್ದೆಂತ, ಮಾಡುವುದೆಂತ, ಎರಡೂ ಒಂದೇ ಉಂಟಾ ಅಂತ ನೋಡುವುದು.” ಕೆಲಸದ ಕ್ರಮ ಬರೆದು ಗೋಡೆಯ ಮೇಲೆ ತೂಗುಹಾಕಿದ್ದು ಹೊಸ ಹಾಳೆಯೋ ಹೋದ ವರ್ಷದ್ದೋ, ಅದಕ್ಕೆ ಒಪ್ಪಿಗೆ ಕೊಟ್ಟವರು ಯಾರು, ತಕ್ಕಡಿ ಸರಿಯಿದೆ ಎಂದು ನೋಡಿದ್ದು ಯಾವಾಗ, ಗಿರಾಕಿ ದೂರು ಕೊಟ್ಟರೆ ಆಮೇಲೆ ಏನಾಯಿತು, ಹಿಂದಿನ ಸಲ ಹಿಡಿದ ತಪ್ಪು ತಿದ್ದಿದ್ದಾರೋ ಬರೀ ತಿದ್ದಿದ್ದೇವೆ ಎಂದು ಬರೆದಿದ್ದಾರೋ... ಇಷ್ಟನ್ನೂ ಕೇಳುತ್ತಾರಂತೆ. ಎಲ್ಲಕ್ಕಿಂತ ಹೆಚ್ಚಾಗಿ, ಕಲಿತೆ ಎಂದು ಸಹಿ ಹಾಕಿದವರಿಗೆ ನಿಜಕ್ಕೂ ಬರುತ್ತದೋ ಇಲ್ಲವೋ ಎಂದು.

ಅಲ್ಲೇ ಇತ್ತು ಹುಳುಕು. ಅದಕ್ಕೆ ಎರಡು ತಿಂಗಳ ಹಿಂದೆ, ಅವರು ರಜದಲ್ಲಿದ್ದಾಗ, ಓನರ್ ನಮ್ಮನ್ನೆಲ್ಲ ಟೀ ರೂಮಿನಲ್ಲಿ ಕೂರಿಸಿ, ಒಂದೇ ಪೆನ್ನು ಕೈಯಿಂದ ಕೈಗೆ ದಾಟಿಸಿ, ಟ್ರೇನಿಂಗ್ ಫೈಲಿಗೆ ಸಹಿ ಹಾಕಿಸಿದ್ದ. ಓದಿದ್ದೇನೆ, ಅರ್ಥವಾಗಿದೆ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತಂತೆ. ನಾನು ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಓದಿದವಳು. ಇಂಗ್ಲಿಷ್ ಮಾತು ಅಷ್ಟಿಷ್ಟು ತಿಳಿಯುತ್ತದೆ, ಬರೆಯಲು ಬರುವುದು ನನ್ನ ಸಹಿ ಒಂದೇ. ಹಾಕಿದೆ.

ಅವರು ರಜ ಮುಗಿಸಿ ಬಂದು, ಆಡಿಟರಿಗಿಂತ ಮೊದಲು ತಾವೇ ಒಂದು ಆಡಿಟ್ ಮಾಡಿದರು. ಕಡಲೆಕಾಯಿ ಚಟ್ನಿಪುಡಿ ಮುಗಿಸಿ ಅದೇ ಮಿಷನ್ನಿನಲ್ಲಿ ಅಗಸೆ ಚಟ್ನಿಪುಡಿ ಮಾಡುವ ಮೊದಲು ಬಿಚ್ಚಿ, ತೊಳೆದು, ಒಣಗಿಸಿ, ಹತ್ತಿಯ ಕಡ್ಡಿಯಿಂದ ಒರೆಸಿ ಪರೀಕ್ಷೆ ಮಾಡಬೇಕು. ಅಗಸೆಯ ಪ್ಯಾಕೆಟ್ಟಿನ ಮೇಲೆ ಕಡಲೆಕಾಯಿ ಇಲ್ಲ ಎಂದು ಅಚ್ಚು ಹಾಕಿಸಿದ್ದರು. ನಾನು ತೊಳೆದಾಯಿತು ಎಂದು ಟಿಕ್ ಹಾಕಿದ್ದೆ.

“ಪೇಪರಲ್ಲಿ ಮಿಷನ್ ತೊಳೆದಾಗಿದೆ ಆಂಟಿ. ಸಿಂಕು ಒಣಗಿ ಉಂಟಲ್ಲ?”

“ಒಂದು ಹಿಡಿ ಅಕ್ಕಿ ಹಾಕಿ ತಿರುಗಿಸಿದೆ. ನಮ್ಮೂರ ಮಿಲ್ಲಲ್ಲಿ ಮೆಣಸಿನಕಾಯಿ ಆದ್ಮೇಲೆ ಹಂಗೇ ಮಾಡೋದು.”

ಎಲ್ಲ ಹೆಂಗಸರೂ ಹೌದು ಹೌದು ಎಂದರು. ಎಲ್ಲರೂ ಅದನ್ನೇ ಮಾಡುತ್ತಿದ್ದೆವು. ಫೈಲ್ ಅಂಕಲ್ ಟ್ರೇನಿಂಗ್ ಫೈಲ್ ತೆಗೆದರು. “ಇಲ್ಲಿ ನಿಮ್ಮ ಸಹಿ ಉಂಟು. ಗೋಡೆ ಮೇಲಿನ ಇಂಗ್ಲಿಷ್ ಹಾಳೆಯನ್ನು ಒಮ್ಮೆ ಓದಿ ಹೇಳ್ತೀರಾ?”

ನಾನು ಗೋಡೆ ನೋಡಿಕೊಂಡು ನಿಂತೆ. ಮಂಡ್ಯದವಳು, “ಅಜ್ಜಿ ಬರೀ ಸಹಿಗೆ ಇಂಗ್ಲಿಷ್ ಮೇಡಂ!” ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವರು ನಗಲಿಲ್ಲ, ಪುಸ್ತಕದಲ್ಲಿ ಏನೋ ಬರೆದುಕೊಂಡರು. ನಕ್ಕವರಿಗಿಂತ ಬರೆದುಕೊಂಡವರ ಮೇಲೆ ನನ್ನ ಹೊಟ್ಟೆ ಉರಿಯಿತು. ಆರು ಜನರ ಮುಂದೆ, ಅಷ್ಟು ವಯಸ್ಸಾದವಳನ್ನು...

ಮೂರು ದಿನ ಬಿಟ್ಟು ಈ ಹಾಳೆ ತಂದುಕೊಟ್ಟರು. ಪೂರ್ತಿ ಕನ್ನಡ, ಅವರದೇ ಕೈಬರಹ, ದಪ್ಪ ದಪ್ಪ ಅಕ್ಷರ. ಯಾವ ಸ್ಕ್ರೂ ಮೊದಲು ಬಿಚ್ಚಬೇಕು, ನೀರು ಎಷ್ಟು ಬಿಸಿ ಇರಬೇಕು ಎಲ್ಲ ಇತ್ತು. ಅಕ್ಕಿ ಹಾಕಿದರೆ ಕಡಲೆಕಾಯಿ ಹೋಗುವುದಿಲ್ಲ, ಒಂದು ಚಿಟಿಕೆ ಉಳಿದರೂ ಕೆಲವು ಮಕ್ಕಳಿಗೆ ಉಸಿರು ಕಟ್ಟುತ್ತದೆ ಎಂದೂ ಬರೆದಿದ್ದರು. ಮೇಲೆ ನಂಬರು, ತಾರೀಕು. ಕೆಳಗೆ ಅವರ ಹೆಸರು, ಅದರ ಪಕ್ಕ ನನ್ನ ಸಹಿಗೆ ಖಾಲಿ ಗೆರೆ.

“ತಪ್ಪು ನಿಮ್ಮದಲ್ಲ ಆಂಟಿ. ಓದ್ಲಿಕ್ಕೆ ಬಾರದ ಭಾಷೆಯಲ್ಲಿ ಕೊಟ್ಟದ್ದು ಕಂಪನಿಯ ತಪ್ಪು. ರಿಪೋರ್ಟಿನಲ್ಲಿ ಹಾಗೇ ಬರೆದಿದ್ದೇನೆ. ನೀವು ಒಂದು ವಾರ ಇದನ್ನು ನೋಡಿ ಮಾಡಿ. ಎಲ್ಲಿ ಸರಿ ಇಲ್ಲ ಹೇಳಿ. ಆಮೇಲೆ ಸಹಿ ಹಾಕಿ ಕೊಡಿ, ಕಾಪಿ ತೆಗೆದು ಎಲ್ಲರಿಗೂ ಕೊಡುವ. ಅರ್ಥ ಆಗುವ ಮೊದಲು ಮಾತ್ರ ಹಾಕ್ಬೇಡಿ.”

ಒಂದು ವಾರ ಹಾಗೇ ಮಾಡಿದೆ. ಒಂದು ಮಾತೂ ತಿದ್ದುವಂತಿರಲಿಲ್ಲ. ಸಹಿ ಮಾತ್ರ ಹಾಕಲಿಲ್ಲ. ಅವರು ಕೇಳಿದಾಗಲೆಲ್ಲ, “ಇನ್ನೂ ಅರ್ಥ ಆಗಿಲ್ಲ,” ಎನ್ನುತ್ತಿದ್ದೆ. ಅವರ ಮುಖ ಬಾಡುವುದನ್ನು ನೋಡಲು ಚೆನ್ನಾಗಿತ್ತು.

ಆಡಿಟರ್ ಬಂದಳು, ಕನ್ನಡಕದ ಬಿಳಿ ಹೆಂಗಸು. ಟ್ರೇನಿಂಗ್ ಫೈಲ್ ತೆರೆದು, ಎಲ್ಲ ಸಹಿಗೂ ಒಂದೇ ತಾರೀಕು, ಒಂದೇ ಶಾಯಿ ಇರುವುದನ್ನು ಬೆರಳಿಟ್ಟು ತೋರಿಸಿದಳು. ಅವರು ಮುಚ್ಚಿಡಲಿಲ್ಲ. ಇದು ಕಲಿಸದೆ ಹಾಕಿಸಿದ ಸಹಿ, ನನ್ನ ರಿಪೋರ್ಟಿನಲ್ಲಿ ಬರೆದಿದ್ದೇನೆ, ಕನ್ನಡದಲ್ಲಿ ಮತ್ತೆ ಕಲಿಸಲು ಶುರು ಮಾಡಿದ್ದೇನೆ, ಮೊದಲ ಹಾಳೆ ಈ ಆಂಟಿಯ ಹತ್ತಿರ ಇದೆ ಎಂದರು. ಹಾಳೆ ಕೊಟ್ಟದ್ದನ್ನು ಬರೆದಿಟ್ಟ ರಿಜಿಸ್ಟರ್ ತೋರಿಸಿದರು. ಅದರಲ್ಲಿ ನಂಬರು ಇತ್ತು, ನನ್ನ ಸಹಿ ಇರಲಿಲ್ಲ. ಆ ರಿಪೋರ್ಟಿನ ಇದ್ದ ಒಂದೇ ಪ್ರತಿ ಸಹಿಗೆಂದು ಹೋಗಿ ಓನರ್ ಟೇಬಲ್ಲಿನ ಡ್ರಾಯರಿನಲ್ಲಿತ್ತು. ಓನರ್ ಸಹಿಯಾಗದೆ ಫೈಲಿಗೆ ಸೇರುವಂತಿಲ್ಲ ಎಂಬುದು ಈ ಕ್ವಾಲಿಟಿಯವರೇ ಮಾಡಿದ್ದ ನಿಯಮ. “ಯಾವ ರಿಪೋರ್ಟ್?” ಎಂದ ಓನರ್.

ಆಡಿಟರ್ ನನ್ನ ಕಡೆ ತಿರುಗಿದಳು. ಓನರ್ ಕನ್ನಡದಲ್ಲಿ ಕೇಳಿದ: “ಆಂಟಿ, ಕನ್ನಡದಲ್ಲಿ ಬರೆದಿರೋ ಪೇಪರ್ ಕೊಟ್ಟಿದಾರಾ ನಿಮಗೆ?”

ಹಾಳೆ ಏಪ್ರನ್ ಒಳಗೆ, ನನ್ನ ಸ್ವೆಟರ್ ಜೇಬಿನಲ್ಲಿತ್ತು. ಕೈ ಹಾಕಿದರೆ ಸಿಗುತ್ತಿತ್ತು. ಓನರ್‌ಗೆ ಹೆದರಿದೆ ಎಂದರೆ ಕೇಳುವವರು ನಂಬುತ್ತಾರೆ, ಆದರೆ ಅದು ಸುಳ್ಳು. ಗೋಡೆ ನೋಡಿಕೊಂಡು ನಿಂತದ್ದೇ ನೆನಪಿನಲ್ಲಿತ್ತು.

“ನೋ,” ಎಂದೆ. ಆಡಿಟರಿಗೇ ನೇರವಾಗಿ.

“ಸಹಿ ಹಾಕಿಸಿದ್ದು ಯಾರು?” ಆಡಿಟರ್ ಕೇಳಿದ್ದನ್ನು ಓನರ್ ಕನ್ನಡದಲ್ಲಿ ಹೇಳಿದ.

ಬೆರಳು ತೋರಿಸಿದೆ. ಮಂಡ್ಯದವಳು ನೆಲ ನೋಡಿದಳು. ಉಳಿದವರು ಏಪ್ರನ್ ಸರಿಮಾಡಿಕೊಂಡರು. ಅವರು ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. “ಆಂಟಿ...” ಎಂದರು, ಅಷ್ಟೇ. ಸಂಜೆಯೊಳಗೆ ಓನರ್ ಅವರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ. ಫೈಲುಗಳನ್ನೆಲ್ಲ ಶೆಲ್ಫಿನಲ್ಲಿ ನಂಬರಿನ ಪ್ರಕಾರ ಜೋಡಿಸಿಟ್ಟು ಹೋದರು.

ಬೇರೆ ಸ್ಪಾನ್ಸರ್ ಸಿಗಲಿಲ್ಲ. ಮಗಳ ಹನ್ನೆರಡನೇ ಕ್ಲಾಸು ಅರ್ಧಕ್ಕೇ ನಿಂತು, ಗಂಡ, ಹೆಂಡತಿ, ಮಗಳು ಮೂವರೂ ಊರಿಗೆ ಹೋದರು ಎಂದು ಮಂಡ್ಯದವಳು ಫೋನಿನಲ್ಲಿ ಹೇಳಿದಳು. ಆಮೇಲೆ ಸುದ್ದಿಯಿಲ್ಲ... ಈಗ ಹಾಳೆ ನನ್ನ ಮುಂದಿದೆ. ಖಾಲಿ ಗೆರೆ ಹಾಗೇ ಇದೆ. ಪೆನ್ನು ತಂದು ಇಟ್ಟುಕೊಂಡೆ, ಹಾಕಲಿಲ್ಲ. ವರ್ಷಗಳಾದ ಮೇಲೆ ಹಾಕಿದರೆ ತಾರೀಕು ಯಾವುದು ಬರೆಯಲಿ? ಅಂಥ ಸಹಿ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಕೊಡೋಣವೆಂದರೆ ಆ ಮನುಷ್ಯ ಎಲ್ಲಿದ್ದಾರೋ.

ಅವರು ಹೋದ ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಆರಕ್ಕೆ ಫ್ಯಾಕ್ಟರಿಗೆ ಹೋದೆ. ಬಾಗಿಲಲ್ಲೇ ಓನರ್, “ಆಂಟಿ, ಇನ್ಮೇಲೆ ಹೊಸಬರಿಗೆ ನೀವೇ ಹೇಳ್ಕೊಡಿ,” ಎಂದ. ದಾವಣಗೆರೆಯ ಹುಡುಗಿಯೊಬ್ಬಳು ಅವತ್ತೇ ಸೇರಿದ್ದಳು. ಮಿಷನ್ ಪಕ್ಕ ಹಾಳೆ ಹರಡಿದೆ. ಅವರ ಹೆಸರಿದ್ದ ಕೆಳಗಿನ ತುದಿಯನ್ನು ಹಿಂದಕ್ಕೆ ಮಡಿಸಿ, ಒಂದೊಂದೇ ಸಾಲು ಓದಿ ತೋರಿಸಿದೆ.

“ಎಷ್ಟು ಚಂದ ಬರೆದೀರಿ ಆಂಟಿ,” ಎಂದಳು ಹುಡುಗಿ. “ನೀವೇ ಬರೆದಿದ್ದಾ?”

“ಹೂಂ,” ಎಂದೆ. “ಮೊದಲು ಕೈ ತೊಳ್ಕೊಂಡು ಬಾ.”