ಅಕ್ಕನ ಕೈಯಲ್ಲಿರುವ ಆರು ಅಂಕಿಗಳು

ಸದ್ಯಕ್ಕೆ ನಾನು ಗುರುವಾಯನಕೆರೆಯ ತನಕ ಬಂದಿದ್ದೇನೆ. ಬಸ್ಸಿನಲ್ಲಲ್ಲ, ಪಾಸ್‌ವರ್ಡಿನಲ್ಲಿ. ಮೂಡುಬಿದಿರೆಯಲ್ಲಿ ನನ್ನ ಖಾತೆ ಇರುವ ಬ್ಯಾಂಕು ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸು ಎನ್ನುತ್ತದೆ. ಹಳೆಯದನ್ನೇ ಮತ್ತೆ ಹಾಕಿದರೆ ಒಪ್ಪುವುದಿಲ್ಲ. ಹಾಗಾಗಿ ಬಂಟ್ವಾಳದಿಂದ ಹೊರಟು ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು ಎಂದು ಬೆಳ್ತಂಗಡಿಯ ಕಡೆಗೆ ಪ್ರತಿ ಸಲ ಒಂದು ಸ್ಟಾಪಿನ ಹೆಸರು ಹಾಕುತ್ತಾ ಸಾಗುತ್ತಿದ್ದೇನೆ. ನಿಮಗೆ ಇಷ್ಟು ಹೇಳಿಬಿಟ್ಟ ಮೇಲೆ ಇನ್ನು ಬೇರೆ ರೂಟು ಹಿಡಿಯಬೇಕು, ಆ ಮಾತು ಬೇರೆ.

ತೊಂದರೆಯೆಂದರೆ ಎಷ್ಟೋ ಸಲ ಯಾವ ಸ್ಟಾಪಿನಲ್ಲಿದ್ದೇನೆ ಎನ್ನುವುದೇ ಮರೆತುಹೋಗುತ್ತದೆ. ಪುಂಜಾಲಕಟ್ಟೆ ದಾಟಿತೋ ಇಲ್ಲವೋ ಎಂದು, ತೂಕಡಿಸಿ ಎಚ್ಚೆತ್ತ ಪ್ರಯಾಣಿಕನ ಹಾಗೆ ಕಿಟಕಿಯ ಹೊರಗೆ ನೋಡುತ್ತೇನೆ. ಕಾಣುವುದು ಒಮಾನಿನ ಬೋಳು ಗುಡ್ಡ. ಇಲ್ಲಿನ ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಪುರಾವೆಯಿಲ್ಲದೆ ಏನನ್ನೂ ನಂಬಬೇಡಿ ಎಂದು ಹುಡುಗರಿಗೆ ಹೇಳಿ ಹೇಳಿ, ಈಗ ನನ್ನ ನೆನಪನ್ನೇ ನಾನು ನಂಬದ ಸ್ಥಿತಿಗೆ ಬಂದಿದ್ದೇನೆ. ಮರೆಯದಿರಲೆಂದು ಡೈರಿಯಲ್ಲಿ ಒಂದು ಸುಳಿವು ಬರೆದಿಟ್ಟಿದ್ದೆ: 'ಯಾವಾಗಿನ ಹಾಗೆಯೇ, ಆದರೆ ಕೊನೆಯಲ್ಲಿ ಆ ವರ್ಷ.' ಯಾವ ವರ್ಷ? ಬರೆದವನಿಗೇ ಗೊತ್ತು, ಆದರೆ ಅವನು ಈಗ ನನ್ನ ಸಂಪರ್ಕದಲ್ಲಿಲ್ಲ.

ಪಾಸ್‌ವರ್ಡ್ ಸರಿಯಾದರೂ ಬಾಗಿಲು ತೆರೆಯುವುದಿಲ್ಲ. ಊರಿನ ಮೊಬೈಲಿಗೆ ಆರು ಅಂಕಿಗಳ ಓಟಿಪಿ ಬರಬೇಕು. ಆ ಸಿಮ್ಮು ಇಲ್ಲಿ ಸರಿಯಾಗಿ ನಡೆಯದ ಕಾರಣ ಅದನ್ನು ಹಳೆಯದೊಂದು ಫೋನಿಗೆ ಹಾಕಿ ಅಕ್ಕನ ಕೈಗೆ ಕೊಟ್ಟು ಬಂದಿದ್ದೇನೆ. ಅಕ್ಕನದು ಮಡಂತ್ಯಾರಿನಲ್ಲಿ ಹೊಲಿಗೆ ಅಂಗಡಿ. ಫೋನು ಗುಂಡಿಗಳ ಡಬ್ಬಿಯೊಳಗೆ ಇರುತ್ತದೆ. ಅಂಗಡಿಯೊಳಗೆ ಆ ಸಿಮ್ಮಿಗೆ ಸಿಗ್ನಲ್ ಇಲ್ಲ; ನಾನು ಅವಳ ಸ್ವಂತ ಫೋನಿಗೆ ಕರೆ ಮಾಡಿದ ಕೂಡಲೇ ಅವಳು ಕೊರಳಿಗೆ ಟೇಪು ಹಾಕಿಕೊಂಡೇ ಅದನ್ನು ಹಿಡಿದು ರಸ್ತೆಯ ಬದಿಗೆ ಓಡಬೇಕು. ನಾವು ಮಾತಾಡುವುದು ತುಳುವಿನಲ್ಲಿ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ.

"ಬಂತಾ ಅಕ್ಕ?"

"ಬಂತು ಮಾರಾಯ. ಇರು, ಕನ್ನಡಕ ಒಳಗೆ ಉಂಟು. ನಿನ್ನ ತಿಂಡಿ ಆಯ್ತಾ?"

"ಮೊದಲು ಸಂಖ್ಯೆ ಹೇಳು."

"ಸಂಖ್ಯೆ ಎಲ್ಲಿಗೂ ಓಡಿ ಹೋಗುವುದಿಲ್ಲ."

ಓಡಿ ಹೋಗುತ್ತದೆ. ಅದರ ಆಯುಷ್ಯ ಮೂರೇ ನಿಮಿಷ. ಅಷ್ಟರೊಳಗೆ ಭಾವನ ಮೊಣಕಾಲು ನೋವು, ಈ ಸಲದ ಹಲಸು, ಬ್ಲೌಸು ಬಿಗಿಯಾಯಿತೆಂದು ಜಗಳಕ್ಕೆ ಬಂದ ಟೀಚರು, ಎಲ್ಲ ಆಗಬೇಕು. ಓಟಿಪಿ ಸಾಯುತ್ತದೆ, ಇನ್ನೊಂದು ತರಿಸುತ್ತೇವೆ, ಮಾತು ಮುಂದುವರಿಯುತ್ತದೆ. ಒಪ್ಪಿಕೊಳ್ಳುತ್ತೇನೆ: ನಾವಿಬ್ಬರೂ ಕಾರಣವಿಲ್ಲದೆ ಫೋನು ಮಾಡುವ ಪೈಕಿ ಅಲ್ಲ. ಅಮ್ಮ ಹೋದ ಮೇಲೆ ನಮ್ಮ ನಡುವೆ ಉಳಿದ ಕಾರಣ ಈ ಬ್ಯಾಂಕು ಒಂದೇ.

ಕಾಲೇಜಿನ ದಿನಗಳಲ್ಲಿ ಮೂಡುಬಿದಿರೆಯ ಒಬ್ಬ ಜೈನ ಗೆಳೆಯನ ಮನೆಗೆ ಹೋಗುತ್ತಿದ್ದೆ. ಅವರ ಹಳೆಯ ಉಗ್ರಾಣದ ಬಾಗಿಲಿಗೆ ಎರಡು ಬೀಗ. ಒಂದರ ಕೀಲಿಕೈ ಅವನ ಅಜ್ಜನ ಬಳಿ, ಇನ್ನೊಂದರದ್ದು ಪಕ್ಕದ ಬೀದಿಯಲ್ಲಿದ್ದ ಅಜ್ಜನ ತಮ್ಮನ ಬಳಿ. ಅಣ್ಣ ತಮ್ಮ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ಪೂಜೆಯ ಪಾತ್ರೆ ತೆಗೆಯಲು ವರ್ಷಕ್ಕೊಮ್ಮೆ ಇಬ್ಬರೂ ಆ ಬಾಗಿಲ ಮುಂದೆ ನಿಲ್ಲಲೇಬೇಕಿತ್ತು. "ಒಂದೇ ಬೀಗ ಹಾಕಿದರೆ ಸಾಕಲ್ಲ?" ಎಂದು ಅಜ್ಜನನ್ನು ಕೇಳಿದೆ. ಓದಿದವನ ಗರ್ವ. ಅಜ್ಜ ನನ್ನನ್ನು ನೋಡಿದರು. "ಸಾಕು. ಆದರೆ ಮತ್ತೆ ಅವನು ಯಾಕೆ ಬರುತ್ತಾನೆ?" ಎಂದರು.

ಆ ಉತ್ತರ ನನಗೆ ಅರ್ಥವಾಗಲು ಬಹಳ ಕಾಲ ಬೇಕಾಯಿತು. ಅರ್ಥವಾಗುವ ಮೊದಲೇ ಕಳೆದ ತಿಂಗಳು ನಾನೊಂದು ಜಾಣತನಕ್ಕೆ ಕೈ ಹಾಕಿದೆ. ವಿದೇಶದ ನಂಬರಿಗೇ ಓಟಿಪಿ ತರಿಸಬಹುದು ಎಂದು ಸಹೋದ್ಯೋಗಿ ಹೇಳಿದ. ಮಳೆಯಲ್ಲಿ ಅಕ್ಕ ರಸ್ತೆಗೆ ಓಡುವುದು ತಪ್ಪುತ್ತದಲ್ಲ. ಅವಳಿಗೂ ಹೇಳಿದೆ, ಇದೇ ಕೊನೆಯ ಸಲ ಎಂದು. "ಒಳ್ಳೆಯದಾಯ್ತು," ಎಂದಳು. ಆಮೇಲೆ, "ಆ ಫೋನಿಗೆ ಚಾರ್ಜು ಮಾಡುವ ಕೆಲಸ ತಪ್ಪಿತು."

ನಂಬರು ಬದಲಿಸಬೇಕಾದರೆ, ಖಾತೆ ತೆರೆದಾಗ ನಾನೇ ಉತ್ತರ ಕೊಟ್ಟಿದ್ದ ಗುಟ್ಟಿನ ಪ್ರಶ್ನೆಯೊಂದನ್ನು ದಾಟಬೇಕಿತ್ತು. ನೀವು ಕುಳಿತ ಮೊದಲ ಶಾಲೆ ಯಾವ ಊರಿನದು? ಪುಂಜಾಲಕಟ್ಟೆ ಎಂದು ಬರೆದೆ. ತಪ್ಪು. ಬೆರಳು ಜಾರಿರಬೇಕೆಂದು ಮತ್ತೆ ಬರೆದೆ. ತಪ್ಪು. ಇನ್ನೊಂದೇ ಅವಕಾಶ ಉಳಿದಿತ್ತು. ಅಕ್ಕ ಇನ್ನೂ ಫೋನಿನಲ್ಲೇ ಇದ್ದಳು.

"ಪುಂಜಾಲಕಟ್ಟೆಯಾ? ಅದು ನಾವು ಮನೆ ಬದಲಿಸಿದ ಮೇಲೆ. ಮೊದಲು ಕುಳಿತದ್ದು ಮಡಂತ್ಯಾರಿನಲ್ಲಿ, ನನ್ನ ಕ್ಲಾಸಿನಲ್ಲಿ. ಅಮ್ಮ ಬೀಡಿ ಕಟ್ಟಲು ಕುಳಿತರೆ ನೀನು ಎಲೆ ಹರಿದು ಹಾಕುತ್ತಿದ್ದೆ. ಅದಕ್ಕೇ ನಿನ್ನನ್ನು ನನ್ನೊಟ್ಟಿಗೆ ಅಟ್ಟುತ್ತಿದ್ದದ್ದು. ಬೆಂಚಿನಲ್ಲಿ ನಿದ್ದೆ ಮಾಡಿ ನನ್ನ ಲಂಗ ಒದ್ದೆ ಮಾಡಿದ್ದು ನೆನಪುಂಟಾ?"

"ಇಲ್ಲ."

"ನಿನಗೆ ಹೇಗೆ ನೆನಪಿರುತ್ತದೆ? ಒದ್ದೆಯಾದದ್ದು ನನ್ನದಲ್ವಾ!"

ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ವಿದ್ಯಾರ್ಥಿ. ಸಾಕ್ಷಿ ಒಬ್ಬಳೇ, ಅವಳೂ ಕಕ್ಷಿದಾರಳೇ. ನನ್ನ ಶಾಸ್ತ್ರದ ಪ್ರಕಾರ ಇದು ನಿಲ್ಲುವುದಿಲ್ಲ. ಬೇರೆ ದಾರಿಯಿಲ್ಲದೆ ಮಡಂತ್ಯಾರು ಎಂದು ಬರೆದೆ.

ಬಾಗಿಲು ತೆರೆಯಿತು.

ಹಾಗಾದರೆ ಖಾತೆ ತೆರೆದ ದಿನ ನನಗೆ ಆ ಬೆಂಚು ನೆನಪಿತ್ತು. ಅಥವಾ ಅಂದೂ ಅಕ್ಕ ಪಕ್ಕದಲ್ಲಿ ಕುಳಿತು ಹೇಳಿಕೊಟ್ಟಿದ್ದಳೋ ಏನೋ. ಎರಡರಲ್ಲಿ ಯಾವುದು ಎಂದು ತಿಳಿಯುವ ಉಪಾಯವಿಲ್ಲ. ಯಾವುದೇ ಆಗಿರಲಿ, ನನ್ನ ಬಾಲ್ಯದ ಒಂದು ಕೀಲಿಕೈ ನನ್ನ ಬಳಿ ಇಲ್ಲ, ಅವಳ ಬಳಿ ಉಂಟು ಎಂಬುದಂತೂ ಖಚಿತ.

ಹೊಸ ನಂಬರು ಹಾಕಿದೆ. ಅದನ್ನು ಖಾತ್ರಿಪಡಿಸಲು ಹಳೆಯ ಫೋನಿಗೆ ಕೊನೆಯ ಓಟಿಪಿ ಹೋಯಿತು. ಈ ಸಲ ಅಕ್ಕ ಕನ್ನಡಕ ಹಾಕಿಕೊಂಡೇ ನಿಂತಿದ್ದಳು. ತಿಂಡಿಯ ವಿಷಯ ಕೇಳದೆ ಆರೂ ಅಂಕಿಗಳನ್ನು ಗಡಗಡ ಓದಿದಳು. ಹಿಂದಿನಿಂದ ಬಸ್ಸಿನ ಹಾರನ್ನು ಕೇಳಿತು, ಬೆಳ್ತಂಗಡಿಗೆ ಹೋಗುವುದಿರಬೇಕು. ಡೈರಿಯಲ್ಲಿ ಬರೆದುಕೊಂಡೆ, ಪರದೆಗೆ ಇನ್ನೂ ಹಾಕಿರಲಿಲ್ಲ. ಎರಡು ನಿಮಿಷಕ್ಕಿಂತ ಹೆಚ್ಚೇ ಉಳಿದಿತ್ತು.

"ಅಕ್ಕ, ಆ ಲಂಗದ ಬಣ್ಣ ಯಾವುದು?"

"ಯಾವ ಲಂಗ? ಓ, ಅದಾ?" ಅವಳು ನಕ್ಕಳು. ನೀಲಿ ಎಂದಳು, ಅಲ್ಲ ಹಸಿರು ಎಂದಳು, ಅದನ್ನು ಒಣಗಿಸಲು ಟೀಚರು ತನ್ನನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದನ್ನು ಹೇಳಿದಳು. ನಾನು ಸುಮ್ಮನಿರಲೆಂದು ಚಾಕ್‌ಪೀಸು ಕೊಟ್ಟಿದ್ದರಂತೆ, ನಾನು ಅದನ್ನು ತಿಂದಿದ್ದೆನಂತೆ. ಪರದೆಯ ಮೇಲೆ ಅಂಕಿಗಳು ಇಳಿಯುತ್ತಾ ಇಳಿಯುತ್ತಾ ಸೊನ್ನೆಗೆ ಬಂದವು. ನಂಬರು ಬದಲಾಗಲಿಲ್ಲ ಎಂಬ ಸಾಲು ಕೆಂಪಕ್ಷರದಲ್ಲಿ ಮೂಡಿತು.

"ಆಯ್ತಾ ಕೆಲಸ?" ಎಂದಳು.

"ಇಲ್ಲ. ಮುಂದಿನ ವಾರ ಇನ್ನೊಂದು ಬರುತ್ತದೆ. ಫೋನು ಚಾರ್ಜಿನಲ್ಲಿರಲಿ."

"ಇದೇ ಕೊನೆಯದ್ದು ಅಂದೆಯಲ್ಲ ಮಾರಾಯ?"

"ಹಾಗೆ ಹೇಳಿದ್ದೆನಾ?" ಎಂದೆ. "ನನಗೆ ನೆನಪಿಲ್ಲ ಅಕ್ಕ."