ಅಜ್ಜಿಯ ಬಾಯಲ್ಲಿ ಥರ್ಮಾಮೀಟರ್

ಜೂನ್ ತಿಂಗಳ ಎರಡನೇ ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಮೂಡಿಗೆರೆಯ ಮೆಣಸಿನ ವ್ಯಾಪಾರಿಯೊಬ್ಬರು ತಿಂಗಳಿಗೊಮ್ಮೆ ನಡೆಸುವ ನನ್ನ ಕ್ಲಿನಿಕ್ಕಿಗೆಂದು ಬಿಟ್ಟುಕೊಟ್ಟಿದ್ದ, ಅಂಗಡಿಯ ಹಿಂದಿನ ಕೋಣೆ. ಹಾಜರಿದ್ದವರು: ಜಾವಳಿಯಿಂದ ಜೀಪಿನಲ್ಲಿ ಬಂದ ಏಳು ವರ್ಷದ ಹುಡುಗಿ, ಅವಳ ಅಜ್ಜಿ, ಅವರ ಊರಿನ ಶಾಲೆಯ ಹೆಡ್‌ಮೇಡಂ ಮತ್ತು ನಾನು. ಮೆಣಸಿನ ಘಾಟಿಗೆ ಎಲ್ಲರೂ ಸರದಿಯಂತೆ ಸೀನಿದ ಮೇಲೆ ಕೆಲಸ ಶುರುವಾಯಿತು.

ಹುಟ್ಟುವಾಗಲೇ ಹುಡುಗಿಯ ಮಿದುಳಿಗೆ ಪೆಟ್ಟಾಗಿತ್ತು. ಕೈಕಾಲು ಬಿಗಿ, ಮಾತಿಲ್ಲ. ಮಕ್ಕಳ ನರರೋಗ ವೈದ್ಯಕೀಯದಲ್ಲಿ ನಾನು ಕಲಿತ ಮೊದಲ ಪಾಠ: ಮಾತು ಬರದ ಮಗುವಿಗೆ ಬುದ್ಧಿಯೂ ಇಲ್ಲವೆಂದು ತೀರ್ಮಾನಿಸಬಾರದು. ಎರಡನೆಯದು: ಹಾಗೆಂದು ಅಜ್ಜಿಯಂದಿರು ಹೇಳಿದ್ದನ್ನೆಲ್ಲ ನಂಬಲೂಬಾರದು.

ಹುಡುಗಿಯ ಹೆಸರನ್ನು ಶಾಲೆಯಲ್ಲಿ ಬರೆಸಿಯಾಗಿತ್ತು. ಅವಳು ದಿನಾ ತರಗತಿಯಲ್ಲಿ ಕೂರಬೇಕೋ, ಹೆಸರು ಮಾತ್ರ ಅಲ್ಲಿದ್ದು ಮನೆಯಲ್ಲೇ ಉಳಿಯಬೇಕೋ ಎನ್ನುವುದು ಅಂದು ತೀರ್ಮಾನವಾಗಬೇಕಿತ್ತು.

"ಮೇಲೆ ನೋಡಿದ್ರೆ ಹೌದು, ಕಣ್ಣು ಮುಚ್ಚಿದ್ರೆ ಇಲ್ಲ. ಎಲ್ಲಾ ತಿಳಿಯುತ್ತೆ ಡಾಕ್ಟ್ರೇ ಇವಳಿಗೆ," ಎಂದರು ಅಜ್ಜಿ.

"ಅವಳು ನೋಡೋ ಮೊದ್ಲೇ ನೀವು ಉತ್ತರ ಹೇಳಿಬಿಡ್ತೀರಲ್ಲಮ್ಮ. ನಾನು ಯಾರಿಗೆ ಮಾರ್ಕ್ಸ್ ಕೊಡ್ಲಿ?" ಎಂದರು ಹೆಡ್‌ಮೇಡಂ.

ನಾನು ಹುಡುಗಿಯನ್ನು ಕೇಳಿದೆ: "ತಿಂಡಿ ಆಯ್ತಾ?"

"ಆಯ್ತು, ಅಕ್ಕಿ ರೊಟ್ಟಿ," ಎಂದರು ಅಜ್ಜಿ.

"ಜೀಪಲ್ಲಿ ಹೆದರಿಕೆ ಆಯ್ತಾ?"

"ಇವಳಿಗೆಲ್ಲಿ ಹೆದರಿಕೆ! ಹೆದರಿದ್ದು ನಾನು."

ಸುಮ್ಮನಿರಲು ಅಜ್ಜಿಯನ್ನು ಎರಡು ಸಲ ಕೇಳಿಕೊಂಡೆ. ಮೂರನೇ ಸಲ ಕೇಳಿಕೊಳ್ಳುವ ಅಭ್ಯಾಸ ನನಗಿಲ್ಲ. ಗಾಜಿನ ಥರ್ಮಾಮೀಟರ್ ಹೊರತೆಗೆದೆ.

"ಅಮ್ಮಾ, ನಿಮ್ಮ ಮುಖ ಯಾಕೋ ಕೆಂಪಗಿದೆ. ಬಾಯಿ ತೆಗೀರಿ."

"ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ."

"ನಾಲಿಗೆ ಕೆಳಗಿರಲಿ. ನಾನು ಹೇಳೋವರೆಗೂ ತುಟಿ ಬಿಚ್ಚಬಾರದು. ಬಿಚ್ಚಿದ್ರೆ ಗಾಜು ಒಡೆಯುತ್ತೆ."

ಥರ್ಮಾಮೀಟರ್ ಅಜ್ಜಿಯ ನಾಲಿಗೆಯಡಿ ಸೇರಿತು. ಹೆಡ್‌ಮೇಡಂ ಕುರ್ಚಿಯನ್ನು ಹುಡುಗಿಯ ಮುಂದಕ್ಕೆ ಎಳೆದುಕೊಂಡು ಕೂತರು.

"ನಾಯಿಗೆ ಕೊಂಬಿರುತ್ತಾ?"

ಕಣ್ಣು ನಿಧಾನವಾಗಿ ಮುಚ್ಚಿತು.

"ಮೀನು ನೀರಲ್ಲಿರುತ್ತಾ?"

ಕಣ್ಣು ಮೇಲೆ ಹೋಯಿತು. ಅಜ್ಜಿ ಮೂಗಿನಲ್ಲೇ 'ಹ್ಞೂಂ' ಎಂದರು. ನಾನು ಬೆರಳೆತ್ತಿ ಗದರಿದೆ.

"ಅಂದಾಜಿನ ಮೇಲೂ ಬರಬಹುದಲ್ವಾ ಡಾಕ್ಟ್ರೇ?" ಹೆಡ್‌ಮೇಡಂಗೆ ಇನ್ನೂ ಅನುಮಾನ. ಅವರನ್ನು ದೂರುವ ಹಾಗಿಲ್ಲ. ಎರಡು ಪ್ರಶ್ನೆಗೆ ಯಾರನ್ನೂ ಪಾಸು ಮಾಡಬಾರದು.

ನಾನು ಹುಡುಗಿಯತ್ತ ಬಾಗಿದೆ. "ಅಜ್ಜಿ ಬಾಯಿಂದ ಅದನ್ನ ತೆಗೀಲಾ?"

ಅವಳು ಅಜ್ಜಿಯನ್ನು ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ಎರಡೂ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡಳು.

"ಇನ್ನೂ ಸ್ವಲ್ಪ ಹೊತ್ತು ಇರಲಾ?"

ಕಣ್ಣು ಹೆಂಚಿನವರೆಗೂ ಹೋಯಿತು. ನಗು ತಡೆಯಲಾರದೆ ಇಡೀ ಮೈ ಕುಲುಕಾಡಿತು. ಹೆಡ್‌ಮೇಡಂ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಸಾಕು ಡಾಕ್ಟ್ರೇ. ಇಷ್ಟು ತಲೆ ಇರೋಳನ್ನ ಮನೇಲಿ ಬಿಟ್ರೆ ಮನೆಯವರಿಗೇ ಕಷ್ಟ. ಸೋಮವಾರದಿಂದ ಮುಂದಿನ ಸಾಲಲ್ಲಿ ಕೂರಲಿ. ಅಜ್ಜಿ ಮಾತ್ರ ಗೇಟಿನ ಆಚೆ."

ಥರ್ಮಾಮೀಟರ್ ತೆಗೆದೆ. ಅಜ್ಜಿ ಮೊದಲು ಮೊಮ್ಮಗಳ ಕೆನ್ನೆ ಹಿಂಡಿದರು. "ನನ್ನನ್ನೇ ಮಾರಿಬಿಟ್ಟೆಯಲ್ಲೇ ಮಾರಾಯ್ತಿ!" ಎಂದರು. ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. "ಜ್ವರ ಎಷ್ಟಿದೆ?"

"ಇಲ್ಲ."

"ಗೊತ್ತಿತ್ತು ನಂಗೆ."

ಸಂಜೆ ಐದಕ್ಕೆ ಥರ್ಮಾಮೀಟರನ್ನು ಸೋಪಿನಲ್ಲಿ ತೊಳೆದು, ಒರೆಸಿ, ಡಬ್ಬಿಗೆ ಹಾಕಿ, ಕೋಣೆಯ ಕೀಲಿಯನ್ನು ಅಂಗಡಿಯವರಿಗೆ ಒಪ್ಪಿಸಿದೆ.